ವಯಸ್ಸು ಮತ್ತು ದೇವಸೇವೆ: ಉತ್ತಂಗಿ ಚನ್ನಪ್ಪನವರ ಉತ್ತರವಯಸ್ಸಿನ ಕೃಷಿಯನ್ನು ಕುರಿತು



ಈ ವರ್ಷದ ದತ್ತಿ ಉಪನ್ಯಾಸವನ್ನು ಹೈದರಾಬಾದಿನ ನಾರಾಯಣಗೂಡದಲ್ಲಿ, ಅದೂ ಕನ್ನಡದಲ್ಲಿ ಮಾಡಬೇಕೆಂದು ವ್ಯವಸ್ಥಾಪಕರು ಆಹ್ವಾನಿಸಿದಾಗ ನನಗುಂಟಾದ ಸಂತೋಷವು ಸಾಮಾನ್ಯವಾದುದಲ್ಲ. ತೆಲುಗು, ಉರ್ದು, ಇಂಗ್ಲಿಷ್ ಭಾಷೆಗಳೇ ಎಲ್ಲೆಡೆ ಕಿವಿಗೆ ಬೀಳುವ ಈ ನಗರದಲ್ಲಿ, ಬೀದರ, ಕಲಬುರಗಿ, ರಾಯಚೂರು ಸೀಮೆಗಳಿಂದ ಬಂದು ನೆಲಸಿದ ಮನೆತನಗಳು ತಮ್ಮ ಪ್ರಾರ್ಥನೆಯ ನುಡಿಯನ್ನು ಕೈಬಿಡದೆ ಉಳಿಸಿಕೊಂಡು ಬಂದಿರುವುದನ್ನು ಬಲ್ಲವರಿಗೆ ಈ ಆಹ್ವಾನದ ಬೆಲೆ ತಿಳಿಯದೆ ಇರದು. ಈ ಪುಸ್ತಿಕೆಯ ಹೊದಿಕೆಯ ಮೇಲೆ ಯಾರ ಹೆಸರು ಅಚ್ಚಾಗಿದೆಯೋ ಆ ಪೂಜ್ಯ ತಾಯಿಯವರು, ಶಿಕ್ಷಕ ವೃತ್ತಿಯಿಂದ ನಿವೃತ್ತರಾದ ಮೇಲೆಯೂ ಸಂಡೇ ಸ್ಕೂಲಿನ ಮಕ್ಕಳಿಗೆ ಕನ್ನಡದ ಅಕ್ಷರಗಳನ್ನು ತಿದ್ದಿಸುತ್ತಿದ್ದರೆಂದು ಅವರ ಮನೆಯವರಿಂದ ಕೇಳಿದ್ದೇನೆ; ನಾನು ಆರಿಸಿಕೊಂಡ ವಿಷಯಕ್ಕೆ ಆ ಬಾಳೇ ಪೀಠಿಕೆ.

ದೇವರ ಸೇವೆಗೆ ವಯೋಮಿತಿಯಿಲ್ಲವೆಂಬ ತತ್ತ್ವಕ್ಕೆ ಸತ್ಯವೇದದಲ್ಲಿ ದೊರೆಯುವ ಆಧಾರಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಬಾಲಕನಾದ ಸಮುವೇಲನು ರಾತ್ರಿಯಲ್ಲಿ ಕರೆಯನ್ನು ಕೇಳಿದುದು, ಎಂಬತ್ತರ ಮೋಶೆಯು ಫರೋಹನ ಮುಂದೆ ನಿಂತುದು, ಎಂಬತ್ತೈದರ ಕಾಲೇಬನು ಬೆಟ್ಟದ ಸೀಮೆಯನ್ನೇ ತನ್ನ ಪಾಲಿಗೆ ಬೇಡಿದುದು, ಯೌವನಸ್ಥನಾದ ತಿಮೊಥೆಗೆ ಪೌಲನು ಸಭೆಯ ಭಾರವನ್ನು ಒಪ್ಪಿಸಿದುದು, ವೃದ್ಧೆಯಾದ ಅನ್ನಳು ಶಿಶುವಾದ ಯೇಸುವನ್ನು ಕಂಡು ಕಂಡವರಿಗೆಲ್ಲ ಹೇಳಿದುದು, ಇವೆಲ್ಲ ತಮಗೆ ಪ್ರಸಂಗಪೀಠದಿಂದ ಚಿರಪರಿಚಿತವಾದುವು. ಆ ತತ್ತ್ವವು ಕನ್ನಡನಾಡಿನಲ್ಲಿ ಹೇಗೆ ಮೈದಳೆಯಿತು, ಅದನ್ನು ನಮ್ಮವರು ಹೇಗೆ ತಪ್ಪಾಗಿ ಅರ್ಥಮಾಡಿಕೊಂಡರು ಎಂಬುದೇ ನನ್ನ ಮುಂದಿರುವ ಪ್ರಶ್ನೆ.

ಬಾಸೆಲ್ ಮಿಶನ್ನಿನ ಇಬ್ಬರನ್ನು ಮೊದಲು ಸ್ಮರಿಸಬೇಕು. ಹರ್ಮನ್ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಆರಂಭಿಸಿದಾಗ ಅವರಿಗೆ ಮೂವತ್ತೆರಡರ ಹರೆಯ. ಫರ್ಡಿನಂಡ್ ಕಿಟ್ಟೆಲರಾದರೋ 1877ರಲ್ಲಿ ಜರ್ಮನಿಗೆ ಹಿಂದಿರುಗಿ, ಐವತ್ತು ದಾಟಿದ ಮೇಲೆ 1883ರಲ್ಲಿ ನಿಘಂಟಿನ ಕಾರ್ಯಕ್ಕಾಗಿ ಮತ್ತೆ ಕಡಲು ದಾಟಿ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಆ ಮಹಾಕೋಶವು ಹೊರಬಂದಾಗ ಅವರಿಗೆ ಅರವತ್ತೆರಡು. ಕನ್ನಡ ವ್ಯಾಕರಣವು ಅಚ್ಚಾದ 1903ರಲ್ಲಿ ಎಪ್ಪತ್ತೊಂದು. ಅದೇ ವರ್ಷದ ಕೊನೆಗೆ ಅವರು ತೀರಿಕೊಂಡರು. ಈ ಇಬ್ಬರ ವಿಷಯದಲ್ಲಿ ಬರೆದವರು ಬಹುಮಂದಿ. ಆದುದರಿಂದ ಮುಂದೆ ಹೋಗುತ್ತೇನೆ.

ರೆವರೆಂಡ್ ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ದೈವಜ್ಞಾನವನ್ನು ಅಭ್ಯಸಿಸಿ, ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿ ದುಡಿದವರು. ‘ತಿರುಳ್ಗನ್ನಡ ತಿರುಕ’ನೆಂದು ಹೆಸರಾದವರು. ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾದ ಮರುವರ್ಷ, 1949ರಲ್ಲಿ, ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನೆರೆದಾಗ ಅಧ್ಯಕ್ಷಪೀಠದಲ್ಲಿ ಕುಳಿತವರು ಅರವತ್ತೇಳರ ಆಸುಪಾಸಿನ ಈ ಪಾದ್ರಿಗಳು. ಉರ್ದುವಿನಲ್ಲಿ ಪಾಠ ಓದಿ, ಮನೆಯಲ್ಲಿ ಮಾತ್ರ ಕನ್ನಡವನ್ನು ಉಸುರಿದ್ದ ಒಂದು ಇಡೀ ಪೀಳಿಗೆಯ ಮುಂದೆ, ತಮ್ಮದೇ ನೆಲದಲ್ಲಿ, ಬಸವಾದಿ ಪ್ರಮಥರ ವಚನಗಳನ್ನು ಶೋಧಿಸಿದ ಕ್ರೈಸ್ತ ಬೋಧಕರೊಬ್ಬರು ಕನ್ನಡದ ಪರವಾಗಿ ನಿಂತುದು ಚರಿತ್ರೆಯಲ್ಲಿ ಸಣ್ಣ ಸಂಗತಿಯೆಂದು ನಾನು ಎಣಿಸಲಾರೆ.

ಇವರ ವಿಚಾರವಾಗಿ ಎರಡು ಅಭಿಪ್ರಾಯಗಳು ಬಹುಕಾಲದಿಂದ ನಡೆದುಬಂದಿವೆ. ಕ್ರೈಸ್ತಸಭೆಯೊಳಗಿನ ಕೆಲವರು, ಉತ್ತಂಗಿಯವರು ತಾರುಣ್ಯದಲ್ಲಿ ಸುವಾರ್ತೆಯ ಸೇವೆ ಮಾಡಿ ವೃದ್ಧಾಪ್ಯದಲ್ಲಿ ಸಾಹಿತ್ಯದ ಕಡೆಗೆ ತಿರುಗಿದರೆಂದೂ, ಆ ಎರಡನೆಯದು ಪಾಂಡಿತ್ಯದ ವಿರಾಮವಿಲಾಸವೇ ಹೊರತು ದೇವಸೇವೆಯಲ್ಲವೆಂದೂ ಹೇಳುತ್ತಾರೆ. ಸಾಹಿತ್ಯಲೋಕದ ಕೆಲವರು ಇದನ್ನೇ ತಿರುಗಿಸಿ, ಅವರ ಪೌರೋಹಿತ್ಯವು ಆಕಸ್ಮಿಕ, ಸಂಶೋಧನೆಯೇ ನಿಜವಾದ ಬಾಳು ಎನ್ನುತ್ತಾರೆ. ಪರಸ್ಪರ ವಿರುದ್ಧವಾಗಿ ತೋರುವ ಈ ಎರಡು ಮತಗಳೂ ಒಂದೇ ತಪ್ಪಿನ ಮೇಲೆ ನಿಂತಿವೆ: ಒಬ್ಬ ಮನುಷ್ಯನ ಆಯುಸ್ಸನ್ನು ನಡುವೆ ಸೀಳಿ, ಒಂದು ಹೋಳನ್ನು ದೇವರಿಗೂ ಮತ್ತೊಂದನ್ನು ಗ್ರಂಥಾಲಯಕ್ಕೂ ಹಂಚುವ ತಪ್ಪು.

ಕಾಲಾನುಕ್ರಮವನ್ನು ನೋಡಿದರೆ ಸಾಕು, ಈ ವಾದ ನಿಲ್ಲುವುದಿಲ್ಲ. ಹಿಂದೂ ಸಮಾಜವನ್ನು ಸೋದರಭಾವದಿಂದ ಸಂಬೋಧಿಸಿದ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ 1921ರದು. ‘ಸರ್ವಜ್ಞನ ವಚನಗಳು’ 1924ರದು. ಎರಡೂ ಅವರು ಸಭಾಪಾಲಕರಾಗಿದ್ದಾಗಲೇ, ನಲವತ್ತರ ಹೊಸ್ತಿಲಲ್ಲಿ, ಕೇವಲ ಮೂರು ವರ್ಷಗಳ ಅಂತರದಲ್ಲಿ ಬಂದವು. ಸಾಹಿತ್ಯವು ನಿವೃತ್ತಿಯ ಹವ್ಯಾಸವಾಗಿದ್ದರೆ ಈ ಎರಡನೆಯ ಗ್ರಂಥವು ಆ ಹೊತ್ತಿನಲ್ಲಿ ಹುಟ್ಟಲು ಹೇಗೆ ಸಾಧ್ಯ? ಪೌರೋಹಿತ್ಯವು ಆಕಸ್ಮಿಕವಾಗಿದ್ದರೆ ಮೊದಲನೆಯದು ಹುಟ್ಟುವ ಕಾರಣವೇನು?

ಸರ್ವಜ್ಞನ ಸಂಗ್ರಹವು ಎಂತಹ ಕೆಲಸವೆಂಬುದನ್ನು ಸಮೀಪದಿಂದ ನೋಡತಕ್ಕದ್ದು. ಕೊನೆಯಲ್ಲಿ ‘ಸರ್ವಜ್ಞ’ ಎಂಬ ಅಂಕಿತವೊಂದಿದ್ದರೆ ಯಾರು ಕಟ್ಟಿದ ತ್ರಿಪದಿಯಾದರೂ ಅವನದೇ ಆಗಿ ಸಾಗಿಬಿಡುತ್ತಿತ್ತು. ಓಲೆಗರಿಯಲ್ಲಿ ಒಂದು ಪಾಠ, ಕೈಬರಹದ ವಹಿಯಲ್ಲಿ ಇನ್ನೊಂದು, ಹಳ್ಳಿಯ ಮುದುಕಿಯ ಬಾಯಲ್ಲಿ ಮೂರನೆಯದು. ಮೊದಲ ಸಾಲು ಮೂರರಲ್ಲಿಯೂ ಒಂದೇ, ನಡುವಿನ ಸಾಲು ಮಾತ್ರ ಬೇರೆ. ಇವು ಮೂರು ಪದ್ಯಗಳೋ, ಒಂದೇ ಪದ್ಯದ ಮೂರು ರೂಪಗಳೋ, ಹಳೆಯದು ಯಾವುದು, ಯಾರೋ ಆಮೇಲೆ ಸೇರಿಸಿದುದು ಯಾವುದು ಎಂದು ಒಂದೊಂದನ್ನೂ ತೂಗಿ ನೋಡಿ, ಬಳಿಕ ವಿಷಯಾನುಸಾರವಾಗಿ ಜೋಡಿಸಬೇಕು. ಇದಕ್ಕಾಗಿ ಊರೂರು ತಿರುಗಬೇಕು, ಪರಧರ್ಮೀಯರ ಜಗುಲಿಯ ಮೇಲೆ ಕುಳಿತು ಅವರ ವಿಶ್ವಾಸವನ್ನು ಗಳಿಸಬೇಕು, ಅವರ ಮಾತನ್ನು ಕಡೆಯ ತನಕ ಕೇಳಬೇಕು. ಸಭಾಪಾಲಕನು ಮನೆಭೇಟಿಗೆ ಹೋದಾಗ ಮಾಡುವುದೂ ಇದನ್ನೇ. ಆ ಒಂದೇ ಅಭ್ಯಾಸವು ಎರಡು ಕ್ಷೇತ್ರಗಳಲ್ಲಿ ಫಲಿಸಿತೆಂಬುದು ನನ್ನ ಸಿದ್ಧಾಂತ. ಉತ್ತಂಗಿಯವರ ಬಾಳಿನಲ್ಲಿ ಬಿರುಕನ್ನು ಕಾಣುವವರು ಈ ಅಭ್ಯಾಸದ ಅಖಂಡತೆಯನ್ನು ಗಮನಿಸಿಲ್ಲ.

ಇನ್ನು ಉತ್ತರವಯಸ್ಸಿನ ಮಾತು. 1950ರಲ್ಲಿ ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿಯರ ವಚನಗಳು, 1951ರಲ್ಲಿ ‘ಅನುಭವಮಂಟಪದ ಐತಿಹಾಸಿಕತೆ’, 1955ರಲ್ಲಿ ಸಿದ್ಧರಾಮನ ಸಾಹಿತ್ಯದ ಸಂಗ್ರಹ: ಎಪ್ಪತ್ತರ ಇಕ್ಕೆಲಗಳಲ್ಲಿ ಇಂತಹ ಸಾಲು ನಮ್ಮಲ್ಲಿ ಎಷ್ಟು ಮಂದಿ ಪಂಡಿತರಿಗೆ ಸಾಧ್ಯವಾಗಿದೆ? ಇವುಗಳಲ್ಲಿ ಎರಡನೆಯದೇ ಹೆಚ್ಚು ವಿವಾದಕ್ಕೆ ಗುರಿಯಾಯಿತು. ಕಲ್ಯಾಣದಲ್ಲಿ ಶರಣರು ಕೂಡಿ ಕುಳಿತ ಅನುಭವಮಂಟಪವೆಂಬುದು ನಿಜವಾಗಿ ಇದ್ದಿತೆ, ಅಥವಾ ಉತ್ತರಕಾಲದ ಶೂನ್ಯಸಂಪಾದನೆಕಾರರ ಕಲ್ಪನೆಯೆ ಎಂಬ ಸಂದೇಹವು ವಿದ್ವಾಂಸರಲ್ಲಿ ಎದ್ದಿದ್ದಾಗ, ಉತ್ತಂಗಿಯವರು ಅದರ ವಾಸ್ತವತೆಯನ್ನು ಸಮರ್ಥಿಸಿದರು. ಸಭೆಯಲ್ಲಿಯೇ ಬಾಳನ್ನು ಕಳೆದ ಪಾದ್ರಿಗಳಿಗೆ ಎಲ್ಲಿ ನೋಡಿದರೂ ಸಭೆಯೇ ಕಂಡಿತೆಂದು ಹೇಳಿ ಈ ಸಮರ್ಥನೆಯನ್ನು ತಳ್ಳಿಹಾಕುವವರುಂಟು. ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಸಹಾನುಭೂತಿಯು ಪುರಾವೆಯಾಗಲಾರದು. ಆದರೆ ಭಕ್ತರು ಒಂದೆಡೆ ಸೇರಿ ಒಬ್ಬರ ಅನುಭವವನ್ನು ಮತ್ತೊಬ್ಬರು ಒರೆಗೆ ಹಚ್ಚುವ ಪದ್ಧತಿಯನ್ನು ಒಳಗಿನಿಂದ ಬಲ್ಲವನಿಗೆ, ವಚನಗಳಲ್ಲಿ ಚದುರಿರುವ ಸಂವಾದದ ಗುರುತುಗಳು ಬೇಗ ಕಣ್ಣಿಗೆ ಬೀಳುತ್ತವೆಂಬುದನ್ನು ಅಲ್ಲಗಳೆಯುವುದು ಹೇಗೆ? ಕಟ್ಟಡದ ಪ್ರಶ್ನೆಯು ಶಾಸನತಜ್ಞರಿಗೆ ಸೇರಿದ್ದು. ಗೋಷ್ಠಿಯ ಪ್ರಶ್ನೆಯಲ್ಲಿ ಎಪ್ಪತ್ತರ ಪಾದ್ರಿಗಳ ಸಾಕ್ಷ್ಯಕ್ಕೆ, ನನ್ನ ಅಭಿಪ್ರಾಯದಲ್ಲಿ, ಹೆಚ್ಚಿನ ತೂಕವಿದೆ. ಆ ಸಾಕ್ಷ್ಯವನ್ನು ಅವರು ಮೂವತ್ತರಲ್ಲಿ ಕೊಡಲಾರದವರಾಗಿದ್ದರು. ಅದು ಮುಪ್ಪಿನ ಕೊಡುಗೆ.

1962ರಲ್ಲಿ ಅವರು ಕಣ್ಮುಚ್ಚಿದರು. ಆದರೆ ಸರ್ವಜ್ಞನ ತ್ರಿಪದಿಗಳಿಗಾಗಿ ಅವರು ಮಾಡಿದಂತಹ ಕೆಲಸವು ಇಲ್ಲಿಯೂ ಕಾದಿದೆ. ಈ ಸಭೆಯಲ್ಲಿ ಕುಳಿತಿರುವ ಹಿರಿಯರ ಕಂಠಗಳಲ್ಲಿ ಬೀದರ ಸೀಮೆಯ ಕೀರ್ತನೆಗಳು, ಯಾವ ಪುಸ್ತಕದಲ್ಲಿಯೂ ಅಚ್ಚಾಗದ ಪ್ರಾರ್ಥನಾಪದಗಳು ಇನ್ನೂ ಉಳಿದಿವೆಯೆಂದು, ಉಪನ್ಯಾಸಕ್ಕೆ ಮೊದಲು ಚಹಾ ಕುಡಿಯುತ್ತ ನಡೆದ ಮಾತುಕತೆಯಲ್ಲಿಯೇ ನನಗೆ ತಿಳಿದುಬಂತು. ಈ ದತ್ತಿಯ ಮುಂದಿನ ವರ್ಷದ ಹಣದಿಂದ ಸಭೆಯ ಯುವಕ ಯುವತಿಯರು ಆ ಹಾಡುಗಳನ್ನು ಹಾಡುವವರ ಬಾಯಿಂದಲೇ ಬರೆದುಕೊಂಡು, ಪಾಠಾಂತರಗಳನ್ನು ಬಿಡದೆ ಗುರುತಿಸಿ, ಒಂದು ಸಂಪುಟವಾಗಿ ಸಿದ್ಧಪಡಿಸಲೆಂದು ವ್ಯವಸ್ಥಾಪಕರಲ್ಲಿ ಬಿನ್ನವಿಸುತ್ತೇನೆ. ಮೊದಲ ಹಾಡನ್ನು ಯಾರಿಂದ ಬರೆದುಕೊಳ್ಳಬೇಕೆಂಬುದನ್ನು ಇಂದು ಸಂಜೆಯೇ, ಎದ್ದು ಹೋಗುವ ಮುನ್ನ, ತಾವು ನಿಶ್ಚಯಿಸಬಹುದು.