ರೂವಾರಿಗಳ ಹೆಸರು



ಬಸದಿಯೊಂದನ್ನು ಕಂಡೊಡನೆ ‘ಇದನ್ನು ಕಟ್ಟಿಸಿದವರು ಯಾರು?’ ಎಂದು ಕೇಳುವುದು ನಮ್ಮ ವಾಡಿಕೆ. ‘ಕಟ್ಟಿದವರು ಯಾರು?’ ಎಂದು ಕೇಳುವವರು ವಿರಳ. ಹಳೇಬೀಡಿನ ವಿಜಯಪಾರ್ಶ್ವನಾಥ ಬಸದಿಯನ್ನು ದಂಡನಾಯಕ ಬೊಪ್ಪನು ತನ್ನ ತಂದೆ ಗಂಗರಾಜನ ನೆನಪಿಗಾಗಿ 1133ರಲ್ಲಿ ಕಟ್ಟಿಸಿದನೆಂಬುದನ್ನು ನಾವು ಬಲ್ಲೆವು. ಮುಖ ಕಾಣುವಷ್ಟು ನುಣುಪಾದ ಅಲ್ಲಿಯ ಕಂಬಗಳನ್ನು ಕಡೆದವರ ಹೆಸರನ್ನು ಬಲ್ಲವರು ಈ ಸಭೆಯಲ್ಲಿ ಎಷ್ಟು ಮಂದಿ?

ದೂರ ಹೋಗುವುದು ಬೇಡ. ನಮ್ಮ ಶಿವನಿಯ ಸೀಮೆಯಲ್ಲಿಯೇ, ತರೀಕೆರೆಯ ಬಳಿ, ಅಮೃತಾಪುರವಿದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯನು 1196ರಲ್ಲಿ ಅಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದನು. ಅದು ಶಿವಾಲಯ, ಆದರೆ ಅಲ್ಲಿಯ ಶಾಸನವನ್ನು ರಚಿಸಿದವನು ಮುಂದೆ ‘ಯಶೋಧರ ಚರಿತೆ’ಯನ್ನು ಬರೆದ ನಮ್ಮ ಜನ್ನ ಕವಿ. ಶಿವಭಕ್ತನ ಕೀರ್ತಿಯನ್ನು ಜೈನಕವಿ ಬರೆದ ಕಾಲವದು! ದಾನಿಯ ಹೆಸರು ಉಳಿಯಿತು, ಕವಿಯ ಹೆಸರೂ ಉಳಿಯಿತು. ಮೂರನೆಯವನಾದ ರೂವಾರಿ ಮಲ್ಲಿತಮ್ಮನನ್ನು ಮಾತ್ರ ಬಹುಕಾಲ ಯಾರೂ ವಿಚಾರಿಸಲಿಲ್ಲ.

ಅವನು ಬೇರೆ ಶಾಸನ ಬರೆಯಿಸಿಕೊಳ್ಳಲಿಲ್ಲ. ತಾನು ಕಡೆದ ಶಿಲ್ಪದ ಅಡಿಯಲ್ಲಿ ‘ಮಲ್ಲಿತಮ್ಮ’ ಎಂದು, ಕೆಲವೆಡೆ ‘ಮಲ್ಲಿ’ ಎಂದು, ಇನ್ನು ಕೆಲವೆಡೆ ಬರಿಯ ‘ಮ’ ಎಂದು ಕೊರೆದು ಮುಂದಿನ ಕಲ್ಲಿಗೆ ಹೋದನು. ಅಮೃತಾಪುರ, ನುಗ್ಗೇಹಳ್ಳಿ, ಸೋಮನಾಥಪುರ — ಎಲ್ಲೆಡೆಯೂ ಇದೇ ಹೆಸರು. ಇವೆಲ್ಲ ಒಬ್ಬನವೇ ಆದರೆ, ವಿದ್ವಾಂಸರು ಹಾಗೆಂದೇ ಎಣಿಸುತ್ತಾರೆ, ಅವನ ಉಳಿ ಅರುವತ್ತು ವರ್ಷಗಳಿಗೂ ಮೀರಿ ದುಡಿದಿದೆ. ಇಂತಹ ಪುಟ್ಟ ಅಕ್ಷರಗಳನ್ನೂ ಶಾಸನಗಳಷ್ಟೇ ಆದರದಿಂದ ಓದಿ ದಾಖಲಿಸಿದವರಲ್ಲಿ ಪ್ರಾಕ್ತನ ವಿಮರ್ಶ ವಿಚಕ್ಷಣ ರಾ. ನರಸಿಂಹಾಚಾರ್ಯರು ಪ್ರಮುಖರು. ಸೋಮನಾಥಪುರದ ದೇಗುಲವನ್ನು ಕುರಿತ ಅವರ ಗ್ರಂಥ 1917ರಲ್ಲಿ ಹೊರಬಂದಿತು.

ಶ್ರವಣಬೆಳ್ಗೊಳದ ಚಂದ್ರಗಿರಿಯಲ್ಲಿ ಗಂಗಾಚಾರಿ ಎಂಬವನ ಹೆಸರಿದೆ. ‘ರೂವಾರಿ ಮುಖತಿಲಕ’ ಎಂಬುದು ಅವನ ಬಿರುದು. ನಿಸಿದಿಗೆಗಳ ಮುಂದೆ ಕೈಮುಗಿಯುವ ನಾವು ಅಲ್ಲಿ ಸಮಾಧಿ ಪಡೆದ ಮುನಿಗಳ ಹೆಸರನ್ನು ಓದುತ್ತೇವೆ. ಆ ದುಂಡಕ್ಷರಗಳನ್ನು ಕಂಡರಿಸಿದವನ ಹೆಸರು ಇರುವ ಕೊನೆಯ ಸಾಲಿನವರೆಗೆ ಹೋಗುವುದಿಲ್ಲ. ಇಂದು ಪತ್ರಿಕೆಗಳು ಯಾವುದೋ ಯೋಜನೆ ಹೂಡಿದವರನ್ನೆಲ್ಲ ‘ರೂವಾರಿ’ ಎನ್ನುತ್ತವೆ. ಉಳಿ ಹಿಡಿದವನ ಬಿರುದು ಉಳಿ ಹಿಡಿಯದವರ ಪಾಲಾಯಿತು!

ಈ ಮಾತನ್ನು ಇಲ್ಲಿ ಎತ್ತಲು ಕಾರಣವುಂಟು. ಬಳಪದ ಕಲ್ಲಿನ ಮೇಲಿನ ಈ ಅಕ್ಷರಗಳು ಬಹು ಚಿಕ್ಕವು. ಪೀಠದ ಅಂಚಿನಲ್ಲಿ, ಕಂಬದ ಬುಡದಲ್ಲಿ ಇರುವಂಥವು. ಜೀರ್ಣೋದ್ಧಾರದ ಉತ್ಸಾಹದಲ್ಲಿ ನಾವು ಬಳಿಯುವ ಸುಣ್ಣ, ಮೆತ್ತುವ ಸಿಮೆಂಟು, ಉಜ್ಜುವ ಯಂತ್ರ ಮೊದಲು ನುಂಗುವುದು ಇವನ್ನೇ. ಎಂಟುನೂರು ವರ್ಷ ಮಳೆ ಅಳಿಸದುದನ್ನು ಒಂದು ಮಧ್ಯಾಹ್ನದ ಭಕ್ತಿ ಅಳಿಸಿಬಿಡಬಲ್ಲುದು. ಆದುದರಿಂದ ಹಳೆಯ ಬಸದಿಗಳ ಕೆಲಸಕ್ಕೆ ಕೈಹಾಕುವ ಮುನ್ನ ಲಿಪಿ ಬಲ್ಲವರನ್ನು ಕರೆಸಿ ಪೀಠ, ಕಂಬ, ಹೊಸ್ತಿಲುಗಳನ್ನು ತೋರಿಸಿ ಪಡಿಯಚ್ಚು ತೆಗೆಸಬೇಕೆಂದು ಸಮಿತಿಗಳವರಲ್ಲಿ ಬಿನ್ನಹ. ಹಾಗೆಯೇ ದಾನಿಗಳ ಹೆಸರಿನ ಫಲಕ ಕೊರೆಯಿಸುವಾಗ, ಅದನ್ನು ಕೊರೆಯುತ್ತಿರುವ ಶಿಲ್ಪಿಯ ಹೆಸರನ್ನು ಕೇಳಿ, ಕೊನೆಯ ಒಂದು ಸಾಲನ್ನು ಆತನಿಗೆ ಬಿಡಿರಿ.