ಲೆಕ್ಕದ ಕಳ್ಳತನ ಮತ್ತು ಯಂತ್ರದ ಸಾಕ್ಷಿ

(ಸಹಕಾರ ಸಂಘಗಳ ಸದಸ್ಯರ ಶಿಬಿರದಲ್ಲಿ ಮಾಡಿದ ಭಾಷಣ)



ಕಳ್ಳಲೆಕ್ಕ ಹಿಡಿಯಲು ಕೃತಕ ಬುದ್ಧಿಮತ್ತೆ ಬಂದಿದೆ, ಇನ್ನು ಸದಸ್ಯರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂದು ಕೆಲವರು ಹೇಳುತ್ತಿದ್ದಾರೆ. ಈ ಮಾತಿನಲ್ಲಿ ನಿಜವೆಷ್ಟು ಎಂಬುದನ್ನು ನಾವು ವಿಚಾರ ಮಾಡಬೇಕಾಗಿದೆ.

ಮೊದಲು ನಿಜವನ್ನು ಒಪ್ಪೋಣ. ಕಿರ್ದಿ, ಖತಾವಣಿಗಳು ಕಂಪ್ಯೂಟರಿಗೆ ಏರಿದ ಮೇಲೆ ಮೋಸವೂ ಅಲ್ಲಿಗೇ ಏರಿತು. ಲಕ್ಷಗಟ್ಟಲೆ ನಮೂದುಗಳನ್ನು ಒಬ್ಬ ಪರಿಶೋಧಕ ಓದಲಾರ. ಕೆಲವು ವೋಚರು ತೆಗೆದು ನೋಡಿ ರುಜು ಹಾಕುತ್ತಾನೆ. ಯಂತ್ರ ಎಲ್ಲವನ್ನೂ ಓದುತ್ತದೆ. ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಯಿತೆ, ಸರಕು ಕೊಟ್ಟವನ ಬ್ಯಾಂಕ್ ಖಾತೆಯೂ ಗುಮಾಸ್ತನ ಖಾತೆಯೂ ಒಂದೆಯೆ, ಮಂಜೂರಾತಿಯ ಮಿತಿ ತಪ್ಪಿಸಲು ದೊಡ್ಡ ಬಿಲ್ಲನ್ನು ತುಂಡು ಮಾಡಿದ್ದಾರೆಯೆ, ಇವನ್ನೆಲ್ಲ ಹೆಕ್ಕಿ ಕೊಡುತ್ತದೆ.

ಆದರೆ ಸತ್ಯಂ ಕಂಪೆನಿಯ ಕಥೆ ನೆನೆಯಿರಿ. ಪುಸ್ತಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗರಾಜು ತಾವೇ ಪತ್ರ ಬರೆದು ಒಪ್ಪಿಕೊಂಡರು. ಅದು ಕಂಪ್ಯೂಟರ್ ಬಲ್ಲವರದೇ ಕಂಪೆನಿ! ಬ್ಯಾಂಕಿನಿಂದ ನೇರವಾಗಿ ಉತ್ತರ ತರಿಸಿಕೊಳ್ಳುವ ಸಾಮಾನ್ಯ ಕೆಲಸವನ್ನು ಪರಿಶೋಧಕರು ಸರಿಯಾಗಿ ಮಾಡಲಿಲ್ಲವೆಂದು ಅಮೆರಿಕದ ಷೇರುಪೇಟೆ ನಿಯಂತ್ರಕರು 2011ರಲ್ಲಿ ಹೇಳಿದರು. ಕೇಳಬೇಕಾದವರು ಕೇಳದಿದ್ದರೆ ಯಂತ್ರ ಏನು ಮಾಡೀತು?

ಬ್ರಿಟನ್ನಿನ ಅಂಚೆಯ ಕಥೆ ಇನ್ನೂ ಘೋರ. 1999ರಿಂದ ಅಲ್ಲಿ ಹೊರೈಜನ್ ಎಂಬ ಕಂಪ್ಯೂಟರ್ ಲೆಕ್ಕ ಬಂತು. ಅದಕ್ಕೆ ಕೃತಕ ಬುದ್ಧಿಯೂ ಇರಲಿಲ್ಲ, ಬರಿಯ ಜಮಾಖರ್ಚಿನ ಯಂತ್ರ. ಅದು ಕೊರತೆ ತೋರಿಸಿತೆಂದು ಸಣ್ಣ ಅಂಚೆ ಕಚೇರಿ ನಡೆಸುವವರ ಮೇಲೆ ಮೊಕದ್ದಮೆ ಹೂಡಿದರು. 900ಕ್ಕೂ ಹೆಚ್ಚು ಜನಕ್ಕೆ ಶಿಕ್ಷೆಯಾಯಿತು. ಗರ್ಭಿಣಿಯೊಬ್ಬಳು ಜೈಲಿಗೆ ಹೋದಳು. ಯಂತ್ರದಲ್ಲೇ ದೋಷಗಳಿದ್ದುವೆಂದು 2019ರಲ್ಲಿ ಹೈಕೋರ್ಟು ತೀರ್ಪಿತ್ತಿತು. 2024ರಲ್ಲಿ ಪಾರ್ಲಿಮೆಂಟೇ ಕಾನೂನು ಮಾಡಿ ನೂರಾರು ಶಿಕ್ಷೆಗಳನ್ನು ರದ್ದು ಮಾಡಬೇಕಾಯಿತು.

ಯಂತ್ರ ಹಿಡಿಯುವುದು ಅಸಹಜವಾದುದನ್ನು ಮಾತ್ರ. ಅಪರಾಧ ಯಾವುದೆಂದು ಅದಕ್ಕೆ ತಿಳಿಯದು. ಅಡಿಕೆ ಕೊಯ್ಲು ಮುಗಿದು ಮಾಲು ಬಂದಾಗ ಸೊಸೈಟಿಯ ವಹಿವಾಟು ಒಮ್ಮೆಗೇ ಏರುತ್ತದೆ. ನಮಗೆ ಗೊತ್ತು, ಊರಿನ ಬೆಳೆ ತಿಳಿಯದ ಯಂತ್ರ ಅಲ್ಲಿ ಕೆಂಪು ಗೆರೆ ಎಳೆದೀತು.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಕಂಪ್ಯೂಟರ್ ದಾಖಲೆಗೆ ಪ್ರಮಾಣಪತ್ರವೂ ಹ್ಯಾಷ್ ಎಂಬ ಗುರುತಿನ ಸಂಖ್ಯೆಯೂ ಬೇಕು. ಕಡತದಲ್ಲಿ ಒಂದಕ್ಷರ ತಿದ್ದಿದರೂ ಆ ಸಂಖ್ಯೆ ಬದಲಾಗುತ್ತದೆ. ಒಳ್ಳೆಯದೇ. ಆದರೆ ಕಡತ ತಿದ್ದಿಲ್ಲವೆಂದು ಅದು ಹೇಳೀತೇ ಹೊರತು, ಅದರಲ್ಲಿ ಬರೆದದ್ದು ನಿಜವೆಂದು ಹೇಳಲಾರದು.

ನಾವು ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದಾಗ, ಉತ್ತರ ಸರಿಯಿದ್ದರೂ ಕ್ರಮ ಬರೆಯದ ಹುಡುಗನಿಗೆ ಪೂರ್ತಿ ಅಂಕ ಕೊಡುತ್ತಿರಲಿಲ್ಲ. ಯಂತ್ರಕ್ಕೂ ಅದೇ ನಿಯಮವಿರಲಿ. ಯಾವ ನಮೂದು, ಯಾಕೆ ಸಂಶಯ ಎಂಬುದನ್ನು ಅದು ತೋರಿಸಲಿ. ಮೂಲ ಕಾಗದದೊಡನೆ ಮನುಷ್ಯನು ತಾಳೆ ನೋಡಲಿ. ಆರೋಪಕ್ಕೆ ಗುರಿಯಾದ ಗುಮಾಸ್ತನಿಗೆ ಲೆಕ್ಕ ನೋಡಿ ಉತ್ತರ ಹೇಳುವ ಅವಕಾಶ ದೊರೆಯಲಿ. ಯಂತ್ರದ ಕಣ್ಣು ಗುಮಾಸ್ತನ ಮೇಜಿಗೇ ನಿಲ್ಲದೆ ಅಧ್ಯಕ್ಷರ ಖಾತೆಗೂ ಹೋಗಲಿ.

ನಿಮ್ಮ ಸಂಘದ ಮುಂದಿನ ಮಹಾಸಭೆಯಲ್ಲಿ ಜಮಾಖರ್ಚು ಓದುವಾಗ ಎದ್ದು ನಿಂತು ಕೇಳಿರಿ. ಆ ಹಕ್ಕನ್ನು ಯಾವ ಯಂತ್ರಕ್ಕೂ ಬಿಟ್ಟುಕೊಡಬೇಡಿ.