ತಳದ ಹೆಸರು, ಒಳಗಿನ ಅಳತೆ

(ವಾಚನಾಲಯದಲ್ಲಿ ಮಾಡಿದ ಭಾಷಣ)



ಇಂದಿನ ಮಾತಿನ ವಿಷಯ ರೈಫಲಿನ ತೋಟಾ. ಕೋವಿಗೂ ಕಾರಕೂನರಿಗೂ ಏನು ಸಂಬಂಧವೆಂದು ಕೆಲವರು ಹುಬ್ಬೇರಿಸಬಹುದು. ಕೊಡಗು, ಮಲೆನಾಡಿನ ಕಡೆಯಿಂದ ಬಂದವರಿಗೆ ಕೋವಿ, ಕೇಪು, ಮದ್ದು ಎಂಬವು ಮನೆಯ ಮಾತುಗಳು. ಉಳಿದ ನಾವೆಲ್ಲ ಕೋವಿಯನ್ನು ಪೊಲೀಸರ ಹೆಗಲ ಮೇಲೆ ಮಾತ್ರ ಕಂಡವರು. ಆದರೂ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ವಸ್ತುವಿನ ಮೇಲೆ ಬರೆದ ಹೆಸರು ಒಂದು, ಒಳಗಿನ ಅಳತೆ ಇನ್ನೊಂದು ಆದಾಗ ಮನುಷ್ಯನ ಕಣ್ಣು ಕೈಗಳನ್ನು ಕಾಯುವುದು ಯಾವುದು? ಈ ಪ್ರಶ್ನೆಗೆ ಇಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಸಿಕ್ಕುವುದು ಕಷ್ಟ. ಗೋದಾಮಿನ ಚೀಟಿ, ಯಂತ್ರದ ಗೇಜು, ಕಚೇರಿಯ ಲೆಡ್ಜರು ಇವುಗಳ ನಡುವೆ ದಿನ ಕಳೆಯುವ ನಮಗೆ ಪ್ರಶ್ನೆಯೇನೋ ಹೊಸದಲ್ಲ.

ಮೊದಲು ತೋಟಾ ಎಂದರೇನೆಂದು ನೋಡೋಣ. ಅದರಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಗುಂಡು ಹಾರಿಹೋಗುತ್ತದೆ, ಮದ್ದು ಉರಿದುಹೋಗುತ್ತದೆ, ಕೇಪು ಒಮ್ಮೆ ಸಿಡಿದರೆ ಮುಗಿಯಿತು. ಮತ್ತೆ ಕೆಲಸಕ್ಕೆ ಬರುವಂತೆ ಉಳಿಯುವುದು ಹಿತ್ತಾಳೆ ಮಾತ್ರ. ನಳಿಗೆಯ ಹಿಂಭಾಗದಲ್ಲಿ ತೋಟಾ ಕೂರುವ ಗೂಡಿಗೆ ಚೇಂಬರು ಎನ್ನುತ್ತಾರೆ. ಮದ್ದು ಉರಿದಾಗ ಹಿತ್ತಾಳೆಯು ಹಿಗ್ಗಿ ಚೇಂಬರಿನ ಗೋಡೆಗೆ ಒತ್ತಿಕೊಂಡು ಅನಿಲವು ಹಿಂದಕ್ಕೆ ಸೋರದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ಕೂದಲೆಳೆಯಷ್ಟು ಕುಗ್ಗಿ ಹೊರಬರಲು ಸಿದ್ಧವಾಗುತ್ತದೆ. ಅಮೆರಿಕದ ಸೈನ್ಯವು ೧೯೦೬ರಲ್ಲಿ ಸ್ವೀಕರಿಸಿದ ‘.೩೦-೦೬’ ಎಂಬ ತೋಟಾಕ್ಕೆ ಅಲ್ಲಿನ ತಯಾರಕರು ಗೊತ್ತುಮಾಡಿರುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ ೬೦,೦೦೦ ಪೌಂಡು. ಹಳೆಯ ಗಿರಣಿಗಳ ಉಗಿ ಬಾಯ್ಲರಿನಲ್ಲಿ ಒತ್ತಡ ನೂರು, ಇನ್ನೂರು ಪೌಂಡಿನ ಮಾತು. ಆ ಬಾಯ್ಲರಿಗೇ ಎಷ್ಟು ಹೆದರುತ್ತಿದ್ದೆವು! ಇದಾದರೋ ಕೆನ್ನೆಯ ಪಕ್ಕದಲ್ಲೇ ನಡೆಯುವ ಕೆಲಸ.

ಅಮೆರಿಕದಲ್ಲಿ ಹಾರಿಸಿದ ಹಿತ್ತಾಳೆಯನ್ನು ಎಸೆಯದೆ ಮನೆಯಲ್ಲೇ ಮತ್ತೆ ತುಂಬಿಕೊಳ್ಳುವವರು ಬಹಳ. ಹಳೆಯ ಕೇಪನ್ನು ತೆಗೆದು, ಹಿಗ್ಗಿದ ಕೊಳವೆಯನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಅಳತೆಗೆ ತಂದು, ಉದ್ದ ಬೆಳೆದಿದ್ದರೆ ಬಾಯಿ ಕತ್ತರಿಸಿ, ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಮೇಲೆ ಗುಂಡನ್ನು ಒತ್ತುತ್ತಾರೆ. ಮದ್ದಿನ ತೂಕ ಗ್ರೇನಿನಲ್ಲಿ. ೭,೦೦೦ ಗ್ರೇನಿಗೆ ಒಂದು ಪೌಂಡು. ಅಂಗಡಿಯಲ್ಲಿ ಸಿಕ್ಕುವ ತೋಟಾಗಳಿಗೆ ಈ ಲೆಕ್ಕವೆಲ್ಲ ಕೈಪಿಡಿಗಳಲ್ಲಿ ಅಚ್ಚಾಗಿದೆ. ಅಲ್ಲಿನ ತಯಾರಕರು ೧೯೨೬ರಲ್ಲಿ ಕಟ್ಟಿಕೊಂಡ ‘ಸಾಮಿ’ ಎಂಬ ಸಂಸ್ಥೆಯು ತೋಟಾ ಮತ್ತು ಚೇಂಬರುಗಳ ಅಳತೆಯನ್ನು, ಒತ್ತಡದ ಮಿತಿಯನ್ನು ಗೊತ್ತುಮಾಡಿ ಪ್ರಕಟಿಸುತ್ತದೆ.

ಆದರೆ ಈ ಪಟ್ಟಿಗೆ ಸೇರದ ತೋಟಾಗಳೂ ಉಂಟು. ಯಾವ ಕಾರ್ಖಾನೆಯೂ ತಯಾರಿಸದ, ಒಬ್ಬಿಬ್ಬರು ಕಸಬುದಾರರು ತಮ್ಮ ತಲೆಯಿಂದ ಕಟ್ಟಿದ ಇಂಥ ತೋಟಾಕ್ಕೆ ಅಲ್ಲಿಯವರು ‘ವೈಲ್ಡ್‌ಕ್ಯಾಟ್’, ಅಂದರೆ ಕಾಡುಬೆಕ್ಕು ಎಂದು ಹೆಸರಿಟ್ಟಿದ್ದಾರೆ. ಯಾರ ಮನೆಯ ಲೆಕ್ಕಕ್ಕೂ ಸೇರದ ಪ್ರಾಣಿ ತಾನೆ! ಅಂಗಡಿಯ ಹಿತ್ತಾಳೆಯನ್ನೇ ತಂದು ಅದರ ಕುತ್ತಿಗೆಯನ್ನು ಕಿರಿದೋ ಹಿರಿದೋ ಮಾಡುತ್ತಾರೆ, ಇಲ್ಲವೇ ಹೆಗಲನ್ನು ತಿದ್ದುತ್ತಾರೆ. ಅದಕ್ಕೆ ತಕ್ಕ ರೀಮರನ್ನು ಮಾಡಿಸಿ ನಳಿಗೆಯಲ್ಲಿ ಹೊಸ ಚೇಂಬರನ್ನು ಕೊರೆಯುತ್ತಾರೆ.

ಈ ಕೆಲಸದಲ್ಲಿ ದೊಡ್ಡ ಹೆಸರು ಪಾರ್ಕರ್ ಓಟೋ ಆಕ್ಲಿ (೧೯೦೩–೧೯೮೯) ಅವರದು. ಕೋವಿ ಕಸಬಿನಲ್ಲಿ ಪಳಗಿ, ಕೊಲೊರಾಡೊದ ಟ್ರಿನಿಡಾಡ್ ಊರಿನ ಕಾಲೇಜಿನಲ್ಲಿ ಆ ಕಸಬನ್ನು ಕಲಿಸಿದವರು. ತೋಟಾದ ಮೈಯ ಇಳುಕಲನ್ನು ಕಡಮೆ ಮಾಡಿ, ಹೆಗಲನ್ನು ೪೦ ಡಿಗ್ರಿಗೆ ಕಡಿದಾಗಿಸುವುದು ಅವರ ಪದ್ಧತಿ. ಅವರ ಚೇಂಬರಿನಲ್ಲಿ ಅಂಗಡಿಯ ಮೂಲ ತೋಟಾವನ್ನೇ ಹಾಕಿ ಹಾರಿಸಬಹುದು. ಹಿತ್ತಾಳೆಯು ಒಳಗೇ ಹಿಗ್ಗಿ ಹೊಸ ಆಕಾರ ತಳೆದು ಹೊರಬರುತ್ತದೆ. ಬೆಂಕಿಯೇ ಅಕ್ಕಸಾಲಿಗನ ಸುತ್ತಿಗೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಹಾಕಿದ ತೋಟಾ ಹಿಂದೆಮುಂದೆ ಅಲುಗಾಡದಂತೆ ಹಿಡಿಯಬೇಕು. ಅಲುಗಿದರೆ ಹಿತ್ತಾಳೆ ತಳದ ಬಳಿ ಹಿಂಜಿ ಸೀಳೀತು. ಅದಕ್ಕಾಗಿ ಆಕ್ಲಿ ಚೇಂಬರನ್ನು ಮೂಲದ ಅಳತೆಗಿಂತ ಅಂಗುಲದ ಸಾವಿರದಲ್ಲಿ ನಾಲ್ಕು ಪಾಲು ಗಿಡ್ಡವಾಗಿ ಕೊರೆಯುತ್ತಾರೆ. ನಾವು ಬರೆಯುವ ಕಾಗದದ ಒಂದು ಹಾಳೆಯ ದಪ್ಪ ಅಷ್ಟೇ ಇದ್ದೀತು. ಜೀವ ನಿಂತಿರುವುದು ಆ ಒಂದು ಹಾಳೆಯ ಮೇಲೆ.

ಈಗ ಮುಖ್ಯ ಮಾತಿಗೆ ಬರೋಣ. ಹೀಗೆ ಆಕಾರ ಬದಲಾದ ಹಿತ್ತಾಳೆಯ ತಳದಲ್ಲಿ ಕಾರ್ಖಾನೆ ಒತ್ತಿದ ಹಳೆಯ ಹೆಸರು ಹಾಗೆಯೇ ಉಳಿಯುತ್ತದೆ. ನಳಿಗೆಯ ಮೇಲೂ ಹಳೆಯ ಹೆಸರೇ ಇರಬಹುದು, ಅಥವಾ ಏನೂ ಇಲ್ಲದಿರಬಹುದು. ಕೊರೆದವನಿಗೆ ಒಳಗಿನದು ಗೊತ್ತು. ಅವನು ತೀರಿಕೊಂಡು ರೈಫಲು ಇನ್ನೊಬ್ಬನ ಕೈಸೇರಿದ ಮೇಲೆ? ಓದಿದ್ದನ್ನೇ ನಂಬಿದ ಮನುಷ್ಯ ಗೊತ್ತಿಲ್ಲದ ಚೇಂಬರಿಗೆ ಕೆನ್ನೆಯಿಡುತ್ತಾನೆ.

ಇಂಥದೊಂದು ಪ್ರಸಂಗ ಅಮೆರಿಕದ ಕೋವಿ ಬಲ್ಲವರಲ್ಲಿ ಪ್ರಸಿದ್ಧವಾಗಿದೆ. ಎರಡನೆಯ ಮಹಾಯುದ್ಧದ ತರುವಾಯ ಜಪಾನಿನ ಅರಿಸಾಕ ರೈಫಲುಗಳು ಸೈನಿಕರ ಗಂಟಿನೊಡನೆ ಅಲ್ಲಿಗೆ ಬಂದವು. ಅದರ ಗುಂಡಿನ ವ್ಯಾಸ ಸುಮಾರು ೬.೭ ಮಿಲಿಮೀಟರು. ಒಬ್ಬಾತ ಅದರ ಚೇಂಬರನ್ನು ಮಾತ್ರ .೩೦-೦೬ಕ್ಕೆ ಕೊರೆಸಿಕೊಂಡ, ನಳಿಗೆಯ ರಂಧ್ರ ಹಾಗೆಯೇ ಉಳಿಯಿತು. ಸುಮಾರು ೭.೮ ಮಿಲಿಮೀಟರಿನ ಗುಂಡು ಆ ಕಿರಿದಾದ ರಂಧ್ರದಲ್ಲಿ ಹಿಂಡಿಕೊಂಡು ಹೊರಟಿತು. ರೈಫಲು ಬಲವಾಗಿ ಒದೆಯುತ್ತದೆ ಎಂಬುದಷ್ಟೇ ಆತನ ದೂರು! ಆ ಉಕ್ಕು ತಡೆದುಕೊಂಡಿತು. ಆಕ್ಲಿಯವರು ಸೈನ್ಯದ ಹಳೆಯ ರೈಫಲುಗಳನ್ನು ಬೇಕೆಂದೇ ಒಡೆಯುವವರೆಗೆ ಪರೀಕ್ಷಿಸಿದಾಗಲೂ ಈ ಅರಿಸಾಕವೇ ಎಲ್ಲಕ್ಕಿಂತ ಗಟ್ಟಿ ಎಂದು ಕಂಡಿತ್ತು. ಬೇರೊಂದು ರೈಫಲಾಗಿದ್ದರೆ ಕಥೆ ಹೇಳಲು ಆತ ಉಳಿಯುತ್ತಿದ್ದನೋ ಇಲ್ಲವೋ.

ಬಲ್ಲವರು ಏನು ಮಾಡುತ್ತಾರೆ? ಹೆಸರನ್ನು ನಂಬುವುದಿಲ್ಲ, ಅಳೆಯುತ್ತಾರೆ. ಸೆರೊಸೇಫ್ ಎಂಬ ಮಿಶ್ರಲೋಹವೊಂದಿದೆ. ಕುದಿಯುವ ನೀರಿಗಿಂತ ಕಡಮೆ ಕಾವಿಗೇ ಕರಗುತ್ತದೆ. ಅದನ್ನು ಚೇಂಬರಿನೊಳಗೆ ಹೊಯ್ದು, ಗಟ್ಟಿಯಾದ ಮೇಲೆ ತೆಗೆದು, ಸುಮಾರು ಒಂದು ಗಂಟೆ ಬಿಟ್ಟು ಮೈಕ್ರೊಮೀಟರಿನಿಂದ ಅಳೆದರೆ ಚೇಂಬರಿನ ನಿಜರೂಪ ಕೈಗೆ ಸಿಕ್ಕುತ್ತದೆ. ಕಾಡುಬೆಕ್ಕಿಗೆ ಒಪ್ಪಿತವಾದ ಕೈಪಿಡಿಯಿಲ್ಲದ್ದರಿಂದ ಮದ್ದನ್ನು ಕಡಮೆಯಿಂದಲೇ ಆರಂಭಿಸುತ್ತಾರೆ. ಕೇಪು ಚಪ್ಪಟೆಯಾಯಿತೇ, ಬೋಲ್ಟು ಎತ್ತಲು ಬಿಗಿಯಾಯಿತೇ, ತಳ ಹಿಗ್ಗಿತೇ ಎಂದು ಪ್ರತಿ ಹೆಜ್ಜೆಗೂ ನೋಡುತ್ತಾರೆ. ನೋಡಿದ್ದನ್ನು ಅಂದೇ ತಾರೀಖು ಹಾಕಿ ಬರೆದಿಡುತ್ತಾರೆ. ಆ ಪುಸ್ತಕವಿಲ್ಲದ ರೈಫಲು ಬೀಗದ ಕೈಯಿಲ್ಲದ ಪೆಟ್ಟಿಗೆಯಲ್ಲ, ಚೀಟಿಯಿಲ್ಲದ ಔಷಧದ ಸೀಸೆ.

ಬರೆದು ಹಂಚಿಕೊಂಡವರ ಕೆಲಸ ಉಳಿಯಿತು. ನೆಡ್ ರಾಬರ್ಟ್ಸ್ ಅವರು ಜರ್ಮನಿಯ ಮೌಸರ್ ತೋಟಾದಿಂದ ರೂಪಿಸಿದ್ದನ್ನು ರೆಮಿಂಗ್ಟನ್ ಕಂಪನಿಯು ೧೯೩೪ರಲ್ಲಿ ‘.೨೫೭ ರಾಬರ್ಟ್ಸ್’ ಎಂದು ಕೈಗೆತ್ತಿಕೊಂಡಿತು. ಸ್ಯಾವೇಜ್ ಕಂಪನಿಯ ೧೯೧೫ರ ತೋಟಾದ ಕುತ್ತಿಗೆ ಕಿರಿದಾಗಿಸಿ ಮಾಡಿದ ‘.೨೨-೨೫೦’ ದಶಕಗಳ ಕಾಲ ಕಾಡುಬೆಕ್ಕಾಗಿದ್ದು ೧೯೬೫ರಲ್ಲಿ ಪಟ್ಟಿಗೆ ಸೇರಿತು, ‘.೨೫-೦೬’ಕ್ಕೆ ಆ ಭಾಗ್ಯ ಬಂದದ್ದು ೧೯೬೯ರಲ್ಲಿ. ಆಕ್ಲಿಯವರ ‘.೨೮೦’ಕ್ಕೆ ೨೦೦೭ರಲ್ಲಿ ಮಾನಕ ಗೊತ್ತಾಯಿತು. ಆದರೆ ಹಳೆಯ ಕಸಬುದಾರರು ಕೊರೆದ ಚೇಂಬರಿಗೂ ಹೊಸ ಮಾನಕಕ್ಕೂ ಹೆಗಲಿನ ಅಳತೆಯಲ್ಲಿ ವ್ಯತ್ಯಾಸವುಂಟು. ಹೆಸರು ಒಂದೇ, ಗೂಡು ಎರಡು! ಪಟ್ಟಿಗೆ ಸೇರಿದ ಮೇಲೂ ಅಳೆಯುವ ಕೆಲಸ ತಪ್ಪಲಿಲ್ಲ.

ನಮ್ಮ ದೇಶದಲ್ಲಿ ೧೯೫೯ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದ್ದರಿಂದ ಈ ಮಾತನ್ನು ಕೇಳಿ ಯಾರೂ ಮದ್ದು ತೂಗಲು ಹೊರಡಬೇಕಾಗಿಲ್ಲ. ನಾವು ತೆಗೆದುಕೊಂಡು ಹೋಗಬೇಕಾದುದು ಬೇರೆ. ವರ್ಕ್‌ಶಾಪಿನಲ್ಲಿ ಯಾರೋ ಮಾರ್ಪಡಿಸಿದ ಗೇಜು, ಹಳೆಯ ಡಬ್ಬಿಗೆ ತುಂಬಿಟ್ಟ ಆಮ್ಲ, ಫ್ಯೂಸಿನ ಜಾಗದಲ್ಲಿ ಸುತ್ತಿದ ದಪ್ಪ ತಂತಿ, ಇವೆಲ್ಲವೂ ತಳದಲ್ಲಿ ಹಳೆಯ ಹೆಸರು ಹೊತ್ತ ತೋಟಾಗಳೇ. ಬದಲಾಯಿಸಿದವನು ಊರಿಗೆ ಹೋಗುತ್ತಾನೆ, ಕೆಲಸ ಬಿಡುತ್ತಾನೆ. ಪಾಳಿಗೆ ಬರುವವನು ಹೊಸಬ, ಬಹುಶಃ ನಿನ್ನೆ ತಾನೆ ರೈಲಿನಿಂದಿಳಿದ ನಮ್ಮೂರಿನ ಹುಡುಗ. ಏನು ಬದಲಾಯಿತು, ಎಷ್ಟು, ಎಂದು, ಯಾರಿಂದ ಎಂಬ ನಾಲ್ಕು ಸಾಲು ಆ ವಸ್ತುವಿನೊಡನೆಯೇ ಇರಬೇಕು. ಕಾರಕೂನಿಕೆ ಬರಿಯ ಕಾಗದದ ಕೆಲಸವೆಂದು ನಗುವವರು ಇದ್ದಾರೆ. ಆ ನಾಲ್ಕು ಸಾಲು ಒಂದು ದಿನ ಆ ಹುಡುಗನ ಕೈ ಉಳಿಸಬಲ್ಲದು.